ಮಳೆಗಾಲದ ತರಗತಿ, ಮುಚ್ಚಿದ ಕಿಟಕಿ, ಮಗನ ಕೆಮ್ಮು

ಪ್ರಶ್ನೆ: ನಮ್ಮದು ಮೂಡಿಗೆರೆ ತಾಲ್ಲೂಕಿನ ಹಳ್ಳಿ. ಮಗನಿಗೆ ಏಳು ವರ್ಷ, ಊರಿನ ಸರ್ಕಾರಿ ಶಾಲೆಯಲ್ಲಿ ಎರಡನೇ ಕ್ಲಾಸು. ಹೋದ ವರ್ಷದಿಂದ ಮಳೆ ಹಿಡಿಯಿತೆಂದರೆ ಕೆಮ್ಮು ಶುರು. ರಾತ್ರಿ ಎದ್ದು ಕೂತು ಕೆಮ್ಮುತ್ತಾನೆ, ಎದೆ ಗುಯ್‌ಗುಟ್ಟುತ್ತದೆ. ಹಾಸನದ ಡಾಕ್ಟರು ಅಸ್ತಮಾ ಎಂದು ಇನ್ಹೇಲರ್ ಕೊಟ್ಟಿದ್ದಾರೆ. ಅಭ್ಯಾಸವಾಗಿಬಿಡುತ್ತದೆ, ಬೇಡ ಅನ್ನುತ್ತಾರೆ ನಮ್ಮತ್ತೆ. ಎರಡು ವರ್ಷದ ಹಿಂದೆ ನಲಿ-ಕಲಿ (ಒಂದರಿಂದ ಮೂರನೇ ಕ್ಲಾಸಿನ) ಮಕ್ಕಳನ್ನು ಹಳೇ ಹಂಚಿನ ಕೋಣೆಯಿಂದ ಹೊಸ ತಾರಸಿ ಕೋಣೆಗೆ ಹಾಕಿದರು. ಇರಚಲು ಹೊಡೆಯುತ್ತದೆಂದು ಅಲ್ಲಿ ಕಿಟಕಿ ತೆಗೆಯುವುದೇ ಇಲ್ಲ. ಮೂಲೆಯ ಗೋಡೆ ಕಪ್ಪಗೆ ಬೂಷ್ಟು ಹಿಡಿದಿದೆ. ಟೀಚರ್ ಕೇಳಿದರೆ ಸೀಮೆಸುಣ್ಣದ ಧೂಳಿನಿಂದ ಕೆಮ್ಮು ಅನ್ನುತ್ತಾರೆ. ಬೆಂಗಳೂರಿನಲ್ಲಿರುವ ಹಳೇ ವಿದ್ಯಾರ್ಥಿಗಳು ಏರ್ ಪ್ಯೂರಿಫೈಯರ್ ಕೊಡಿಸುತ್ತೇವೆ ಅಂದಿದ್ದಾರೆ. ನಾನು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯೆ, ನನ್ನ ಅಭಿಪ್ರಾಯ ಕೇಳುತ್ತಿದ್ದಾರೆ. ಶಾಲೆಯ ಗಾಳಿಯೇ ಇದಕ್ಕೆ ಕಾರಣವೇ? ಮಷೀನು ತೆಗೆದುಕೊಳ್ಳಬಹುದೇ? ಇಲ್ಲ, ಮಗನನ್ನು ಮೂಡಿಗೆರೆಯ ಕಾನ್ವೆಂಟಿಗೆ ಸೇರಿಸುವುದು ವಾಸಿಯೇ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಮಷೀನು ಬೇಡ, ಆ ದುಡ್ಡಿಗೆ ನಿಮ್ಮ ಶಾಲೆಯಲ್ಲೇ ಬೇರೆ ಕೆಲಸ ಕಾದಿದೆ. ಶಾಲೆ ಬದಲಿಸುವ ಯೋಚನೆಯನ್ನು ದಸರಾ ರಜೆಯವರೆಗೆ ಮುಂದಕ್ಕೆ ಹಾಕಿ. ದಿನವೂ ಎಳೆಯಲು ಡಾಕ್ಟರು ಹೇಳಿರುವ ಇನ್ಹೇಲರ್ ಇದ್ದರೆ ಅದನ್ನು ಮಾತ್ರ ಒಂದು ದಿನವೂ ತಪ್ಪಿಸಬೇಡಿ. ಇನ್ನು ವಿವರ. ನಾನೂ ಸಕಲೇಶಪುರದ ಕಡೆಯ ಹಂಚಿನ ಶಾಲೆಯಲ್ಲಿ ಒದ್ದೆ ಯೂನಿಫಾರ್ಮಿನಲ್ಲೇ ಕೂತು ಮಗ್ಗಿ ಕಲಿತವಳು, ಹಾಗಾಗಿ ಮಾತು ಸ್ವಲ್ಪ ಉದ್ದವಾದೀತು.

ಅಸ್ತಮಾ ಒಂದೇ ಕಾರಣಕ್ಕೆ ಬರುವ ಕಾಯಿಲೆಯಲ್ಲ. ಮನೆತನದಲ್ಲಿ ಉಬ್ಬಸ, ಅಲರ್ಜಿ ಇದ್ದರೆ ಮಗುವಿಗೂ ಬರುವ ಸಾಧ್ಯತೆ ಹೆಚ್ಚು. ಅಂಥ ಮಗುವಿನ ಶ್ವಾಸನಾಳ ಮುನಿಸಿಕೊಳ್ಳಲು ಕಾದೇ ಇರುತ್ತದೆ. ಶೀತದ ವೈರಸ್ಸು, ಬೂಷ್ಟು, ಧೂಳಿನ ನುಸಿ (ಧೂಳಿನಲ್ಲಿರುವ ಕಣ್ಣಿಗೆ ಕಾಣದಷ್ಟು ಸಣ್ಣ ಹುಳ), ಹೊಗೆ, ಯಾವುದು ಸಿಕ್ಕರೂ ಊದಿಕೊಳ್ಳುತ್ತದೆ. ಆ ಕೋಣೆಯೇ ನಿಮ್ಮ ಮಗನಿಗೆ ಕಾಯಿಲೆ ಹುಟ್ಟಿಸಿತು ಎಂದು ನಾನು ಹೇಳಲಾರೆ. ಇದ್ದ ಕಾಯಿಲೆಯನ್ನು ಕೆರಳಿಸುತ್ತಿದೆಯೇ ಎಂಬುದನ್ನು ಪತ್ತೆಮಾಡಬಹುದು. ಅದಕ್ಕೆ ಮಲೆನಾಡಿನವರಿಗೆ ಬಯಲುಸೀಮೆಯವರಿಗಿಲ್ಲದ ಒಂದು ಅನುಕೂಲ ಇದೆ: ಮಳೆ ರಜೆ.

ಸಾಮಾನ್ಯವಾಗಿ ನಾವು ಡಾಕ್ಟರುಗಳು ‘ರಜೆಯಲ್ಲಿ ಹೇಗಿರುತ್ತಾನೆ’ ಎಂದು ಕೇಳುತ್ತೇವೆ. ದಸರಾ ರಜೆಯಲ್ಲಿ ಕೆಮ್ಮು ಇಳಿಯಿತು ಅಂದರೆ ತಪ್ಪು ಶಾಲೆಯದ್ದೇ ಅನ್ನಿಸುತ್ತದೆ. ಆದರೆ ದಸರಾ ಹೊತ್ತಿಗೆ ಮಳೆಯೂ ಹಿಂದೆಗೆದಿರುತ್ತದೆ, ನಿಮ್ಮ ಮನೆಯ ಗೋಡೆಯೂ ಒಣಗುತ್ತಿರುತ್ತದೆ. ಇಳಿದದ್ದು ಯಾವುದರಿಂದ? ಪುನರ್ವಸು ಮಳೆ ಜಡಿಯುವಾಗ ಜಿಲ್ಲಾಡಳಿತ ತಾಲ್ಲೂಕಿಗೆ ರಜೆ ಕೊಡುತ್ತದಲ್ಲ, ಆಗ ನೋಡಿ. ಹೊರಗಿನ ಹವೆ ಅದೇ, ಮನೆ ಅದೇ, ಅಡುಗೆ ಅದೇ, ತರಗತಿಯೊಂದು ಮಾತ್ರ ಇಲ್ಲ. ರಜೆಯೂ ಭಾನುವಾರವೂ ಕೂಡಿಕೊಂಡು ಮೂರು ನಾಲ್ಕು ದಿನ ಸಿಕ್ಕರೆ ಅದಕ್ಕಿಂತ ಒಳ್ಳೆಯ ಪರೀಕ್ಷೆ ನಾನೂ ಬರೆದುಕೊಡಲಾರೆ. ಒಂದೇ ದಿನದ ರಜೆ ಸಾಲದು, ಊದಿದ ಶ್ವಾಸನಾಳ ಇಳಿಯಲು ಕೆಲವು ದಿನ ಬೇಕು.

ಒಂದು ಹಳೇ ನೋಟ್‌ಬುಕ್ಕಿನಲ್ಲಿ ದಿನಕ್ಕೊಂದು ಸಾಲು ಬರೆಯಿರಿ. ರಾತ್ರಿ ಎಷ್ಟು ಸಲ ಎದ್ದ, ನೀಲಿ ಇನ್ಹೇಲರ್ (ಉಬ್ಬಸ ಬಂದಾಗ ತಕ್ಷಣದ ಉಪಶಮನಕ್ಕೆ ಎಳೆಯುವುದು) ಎಷ್ಟು ಸಲ ಬೇಕಾಯಿತು, ಶಾಲೆ ಇತ್ತೋ ಇಲ್ಲವೋ, ಮನೆಯಲ್ಲಿ ಯಾರಿಗಾದರೂ ನೆಗಡಿಯೋ, ಅಷ್ಟು ಸಾಕು. ನೆಗಡಿಯ ಮಾತು ಸುಮ್ಮನೆ ಹೇಳಿದ್ದಲ್ಲ. ನಮ್ಮಲ್ಲಿ ಶಾಲೆ ತೆರೆಯುವುದೂ ಮುಂಗಾರು ಇಳಿಯುವುದೂ ಹೆಚ್ಚುಕಡಿಮೆ ಒಟ್ಟಿಗೇ. ಎರಡು ತಿಂಗಳು ಬೇರೆ ಬೇರೆ ಮನೆಗಳಲ್ಲಿದ್ದ ಮಕ್ಕಳು ಒಂದೇ ಕೋಣೆಗೆ ಸೇರಿ ತಂತಮ್ಮ ವೈರಸ್ಸು ಹಂಚಿಕೊಳ್ಳುತ್ತಾರೆ. ಕೆನಡಾ, ಬ್ರಿಟನ್ನಿನಲ್ಲಿ ಶಾಲೆ ಸೆಪ್ಟೆಂಬರಿನಲ್ಲಿ ಶುರು. ಅಲ್ಲಿ ಅಸ್ತಮಾದಿಂದ ಆಸ್ಪತ್ರೆ ಸೇರುವ ಮಕ್ಕಳ ಸಂಖ್ಯೆ ಪ್ರತಿ ವರ್ಷ ಏರುವುದೂ ಸೆಪ್ಟೆಂಬರಿನಲ್ಲೇ. ಮಳೆಯ ಮೇಲೆ ಹಾಕುವ ತಪ್ಪಿನಲ್ಲಿ ಒಂದು ಪಾಲು ಶಾಲೆಯ ಗಂಟೆಗೂ ಸೇರಬೇಕು.

ಈಗ ಆ ಹೊಸ ಕೋಣೆಯ ವಿಷಯ. ಹಳೇ ಕೋಣೆಯ ಮಾಡಿನ ಮೇಲೆ ಮಂಗಳೂರು ಹಂಚಿತ್ತು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಕಾರ್ಖಾನೆ ಹಾಕಿದ ಮೇಲೆ ಘಟ್ಟ ಹತ್ತಿ ಬಂದ ಸರಕು ಅದು. ಹಂಚಿಗೂ ಹಂಚಿಗೂ ನಡುವೆ ಸಣ್ಣ ಸಂದು ಇದ್ದೇ ಇರುತ್ತದೆ. ಮಕ್ಕಳ ಮೈಬಿಸಿಗೆ ಕಾದ ಗಾಳಿ ಮೇಲೇರಿ ಆ ಸಂದಿನಲ್ಲಿ ಹೊರಗೆ ಹೋಗುತ್ತದೆ, ಕೆಳಗೆ ಬಾಗಿಲ ಸಂದಿನಿಂದ ಹೊಸದು ನುಗ್ಗುತ್ತದೆ. ಗಾಳಿಯಾಡಲೆಂದು ಯಾರೂ ಲೆಕ್ಕ ಹಾಕಿ ಮಾಡಿದ್ದಲ್ಲ, ಅದಾಗಿ ಅದೇ ಆಗುತ್ತಿತ್ತು. ಹಂಚಿನ ಶಾಲೆಯನ್ನು ಹೊಗಳಿ ಹಾಡುವವಳು ನಾನಲ್ಲ. ಸೋರುವುದು, ಬಾವಲಿ ಹಿಕ್ಕೆ, ಪಟ್ಟಿಯಿಂದ ಉದುರುವ ಹುಡಿ ಎಲ್ಲವೂ ನೆನಪಿದೆ. ಆದರೆ ತಾರಸಿ ಕೋಣೆಗೆ ಆ ಸಂದು ಇಲ್ಲ. ಅಲ್ಲಿ ಕಿಟಕಿ ಮುಚ್ಚಿದರೆ ಮುಚ್ಚಿದಂತೆಯೇ.

ಒಂದು ಲೆಕ್ಕ ಹಾಕೋಣ. ಕೋಣೆ 20 ಅಡಿ ಉದ್ದ, 20 ಅಡಿ ಅಗಲ, 10 ಅಡಿ ಎತ್ತರ ಅಂದುಕೊಳ್ಳಿ. ಸುಮಾರು 113 ಘನ ಮೀಟರ್ ಗಾಳಿ. ಒಳಗೆ 30 ಮಕ್ಕಳು. ಕೂತ ಮಗು ಗಂಟೆಗೆ ಸುಮಾರು 15 ಲೀಟರ್ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. 30 ಮಕ್ಕಳದ್ದು 450 ಲೀಟರ್. ಹೊರಗಿನ ಗಾಳಿಯಲ್ಲಿ ಇದು ಹತ್ತು ಲಕ್ಷ ಪಾಲಿಗೆ ಸುಮಾರು 420 ಪಾಲು, ಅಂದರೆ 420 ಪಿಪಿಎಂ. ಎಲ್ಲ ಬಿಗಿಯಾಗಿ ಮುಚ್ಚಿದ್ದರೆ ಒಂಬತ್ತು ನಿಮಿಷದೊಳಗೆ 1,000 ದಾಟುತ್ತದೆ, 40 ನಿಮಿಷದ ಒಂದು ಪೀರಿಯಡ್ ಮುಗಿಯುವಾಗ 3,000 ಮುಟ್ಟುತ್ತದೆ. ಬಾಗಿಲ ಸಂದು, ಆಗಾಗ ಹೊರಗೆ ಓಡುವ ಮಕ್ಕಳು ಇವೆಲ್ಲ ಸೇರಿ ನಿಜದಲ್ಲಿ ಸ್ವಲ್ಪ ಕಡಿಮೆ ಇದ್ದೀತು. 1,000 ಎಂಬ ಗಡಿ ಇವತ್ತಿನದಲ್ಲ. 1858ರಲ್ಲೇ ಮ್ಯೂನಿಕ್ಕಿನ ಆರೋಗ್ಯ ವಿಜ್ಞಾನಿ ಮ್ಯಾಕ್ಸ್ ಫಾನ್ ಪೆಟ್ಟೆನ್‌ಕೋಫರ್, ಜನ ಕೂರುವ ಕೋಣೆಯ ಗಾಳಿ ಇದಕ್ಕಿಂತ ಕೆಡಬಾರದು ಎಂದಿದ್ದರು.

ಈ ಮಟ್ಟದ ಇಂಗಾಲದ ಡೈಆಕ್ಸೈಡ್ ವಿಷವೇನಲ್ಲ. ತಲೆ ಭಾರ, ಆಕಳಿಕೆ, ಮಂಕು ಇರಬಹುದು; ಊಟದ ಮೇಲಿನ ಪೀರಿಯಡ್ಡಿನಲ್ಲಿ ಮಕ್ಕಳು ತೂಕಡಿಸಿದರೆ ನಾವು ಸಾರನ್ನವನ್ನು ಬೈಯುತ್ತೇವೆ. ಮುಖ್ಯವಾದ ವಿಷಯ ಬೇರೆ. ಆ ಅಂಕಿ ಎಷ್ಟು ಏರಿದೆಯೋ ಅಷ್ಟು ನಾವು ಒಬ್ಬರು ಬಿಟ್ಟ ಉಸಿರನ್ನು ಇನ್ನೊಬ್ಬರು ಎಳೆದುಕೊಳ್ಳುತ್ತಿದ್ದೇವೆ ಎಂದು ಅರ್ಥ. ಬಿಟ್ಟ ಉಸಿರಿನಲ್ಲಿ ಇದು 40,000 ಪಿಪಿಎಂನಷ್ಟು ಇರುವುದರಿಂದ, ಕೋಣೆಯಲ್ಲಿ 2,500 ಇದೆ ಅಂದರೆ ನಿಮ್ಮ ಮಗ ಎಳೆಯುವ ಗಾಳಿಯಲ್ಲಿ ಇಪ್ಪತ್ತರಲ್ಲಿ ಒಂದು ಪಾಲು ಆಗಲೇ ಇನ್ನೊಬ್ಬರ ಶ್ವಾಸಕೋಶ ನೋಡಿ ಬಂದದ್ದು. ಶೀತ, ಫ್ಲೂ, ಕ್ಷಯ ಎಲ್ಲಕ್ಕೂ ಅದೇ ದಾರಿ. ಮೇಲಾಗಿ ಮಕ್ಕಳು ಮೈತೂಕದ ಲೆಕ್ಕದಲ್ಲಿ ನಮಗಿಂತ ಹೆಚ್ಚು ಗಾಳಿ ಎಳೆಯುತ್ತಾರೆ, ಅವರ ಶ್ವಾಸನಾಳವೋ ಕಿರಿದು. ಕೊಳವೆಯ ಅಗಲ ಅರ್ಧಕ್ಕಿಳಿದರೆ ಗಾಳಿ ಸಾಗುವ ಕಷ್ಟ ಹದಿನಾರು ಪಟ್ಟಾಗುತ್ತದೆ. ದೊಡ್ಡವರಿಗೆ ಗಂಟಲು ಕೆರೆತವಾಗಿ ಮುಗಿಯುವ ಊತ ಏಳು ವರ್ಷದವನಿಗೆ ರಾತ್ರಿಯ ನಿದ್ದೆ ಕೆಡಿಸುವುದು ಇದರಿಂದಲೇ.

‘ಹೊರಗೇ ಇಷ್ಟು ಥಂಡಿ, ಕಿಟಕಿ ತೆಗೆದರೆ ಒಳಗೂ ಥಂಡಿ ಹೊಕ್ಕು ಗೋಡೆ ಇನ್ನಷ್ಟು ನೆನೆಯುವುದಿಲ್ಲವೇ’ ಎಂದು ನಿಮ್ಮ ಹೆಡ್‌ಮೇಷ್ಟ್ರು ಖಂಡಿತ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಆದರೆ ಆ 30 ಮಕ್ಕಳು ಉಸಿರು, ಬೆವರಿನಲ್ಲೇ ಗಂಟೆಗೆ ಒಂದು ಲೀಟರಿನಷ್ಟು ನೀರಿನ ಆವಿ ಬಿಡುತ್ತಾರೆ. ಒದ್ದೆ ಜರ್ಕಿನ್, ಕೊಡೆ, ಸಾಕ್ಸಿನದ್ದು ಬೇರೆ. ಮಕ್ಕಳ ಮೈಬಿಸಿಗೆ ಕೋಣೆ ಹೊರಗಿಗಿಂತ ಬೆಚ್ಚಗೂ ಇರುತ್ತದೆ. ಹೊರಗೆ 20 ಡಿಗ್ರಿಯಲ್ಲಿ ಶೇ. 95 ತೇವವಿರುವ ಗಾಳಿ ಒಳಗೆ ಬಂದು 24 ಡಿಗ್ರಿಗೆ ಕಾದರೆ, ಅದೇ ನೀರು ಶೇ. 75ರ ತೇವವಾಗಿ ಇಳಿಯುತ್ತದೆ. ಆಷಾಢದ ಗಾಳಿ ಕೂಡ ಮುಚ್ಚಿದ ತರಗತಿಯ ಗಾಳಿಗಿಂತ ಒಣ ಗಾಳಿಯೇ.

ಹಾಗೆಂದು ಎಲ್ಲ ಕಿಟಕಿ ಹಾರುಹೊಡೆದು ಮಕ್ಕಳನ್ನು ನೆನೆಸುವುದು ಬೇಡ. ಇರಚಲು ಬರುವುದು ಸಾಮಾನ್ಯವಾಗಿ ಪಶ್ಚಿಮದಿಂದ. ಆ ಕಡೆಯದ್ದನ್ನು ನಾಲ್ಕು ಬೆರಳಷ್ಟು, ಎದುರು ಬದಿಯದ್ದನ್ನು ಒಂದು ಗೇಣು ತೆರೆದಿಟ್ಟರೆ ಗಾಳಿ ಅಡ್ಡ ಹಾಯುತ್ತದೆ. ಒಂದೇ ಬದಿಯ ಕಿಟಕಿ ಪೂರ್ತಿ ತೆಗೆಯುವುದಕ್ಕಿಂತ ಎರಡು ಬದಿಯಲ್ಲಿ ಸ್ವಲ್ಪ ಸ್ವಲ್ಪ ತೆಗೆಯುವುದು ಮೇಲು. ಪ್ರತಿ ಪೀರಿಯಡ್ಡಿನ ಗಂಟೆಗೆ ಐದು ನಿಮಿಷ ಬಾಗಿಲು, ಕಿಟಕಿ ಎರಡೂ ಹಾರು. ಮೇಲೆ ವೆಂಟಿಲೇಟರ್ ಇರುತ್ತದೆ, ಕತ್ತೆತ್ತಿ ನೋಡಿ. ಜೇನು ಕಟ್ಟುತ್ತದೆಂದೋ ಛಳಿ ಬರುತ್ತದೆಂದೋ ರಟ್ಟು ಬಡಿದಿರುತ್ತಾರೆ. ರಟ್ಟು ಕಿತ್ತು ಸೊಳ್ಳೆ ಜಾಲರಿ ಹಾಕಿಸಿ. ಫ್ಯಾನ್ ತಿರುಗಿಸಿದರೆ ಹೊಸ ಗಾಳಿ ಬಂದಂತಲ್ಲ, ಇದ್ದದ್ದೇ ಸುತ್ತುತ್ತದೆ. ಥಂಡಿ ಗಾಳಿ ನೇರವಾಗಿ ಬಡಿದರೆ ಅಸ್ತಮಾದ ಮಗುವಿಗೆ ಕೆಮ್ಮು ಕೆರಳುವುದುಂಟು, ಆದ್ದರಿಂದ ನಿಮ್ಮ ಮಗನನ್ನು ಕಿಟಕಿಯ ಬುಡದಲ್ಲಿ ಕೂರಿಸಬಾರದು. ಯೂನಿಫಾರ್ಮಿನ ಮೇಲೆ ಯಾವ ಬಣ್ಣದ ಸ್ವೆಟರ್ ಆದರೂ ಸರಿ ಅಂತ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು ವಿನಾಯಿತಿ ಕೊಡಿಸಿ. ಕಿಟಕಿ ತೆರೆಸಲು ಅದಕ್ಕಿಂತ ಸುಲಭದ ಉಪಾಯ ಕಾಣೆ.

ಬೂಷ್ಟಿನ ಮಾತು. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 2009ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತೇವ ಮತ್ತು ಬೂಷ್ಟಿನ ಬಗ್ಗೆಯೇ ಪ್ರತ್ಯೇಕ ಮಾರ್ಗಸೂಚಿ ತಂದಿತು. ತೇವದ ಕಟ್ಟಡದಲ್ಲಿ ಇರುವವರಿಗೆ ಉಬ್ಬಸ, ಕೆಮ್ಮು, ಅಸ್ತಮಾ ಕೆರಳುವುದು ಹೆಚ್ಚು ಎಂದು ಒಪ್ಪಿಕೊಂಡರೂ, ಇಷ್ಟು ಬೂಷ್ಟು ಇದ್ದರೆ ಅಪಾಯವಿಲ್ಲ ಎಂಬ ಅಂಕಿ ಕೊಡಲಿಲ್ಲ. ತೇವವನ್ನೇ ನಿಲ್ಲಿಸಿ ಎಂದಿತು. ಹಾಗಾಗಿ ಬೂಷ್ಟು ಕೆರೆದು ಲ್ಯಾಬಿಗೆ ಕಳಿಸಿ ಜಾತಿ ಕಂಡುಹಿಡಿಸುವ ಖರ್ಚು ದಂಡ. ಕಣ್ಣಿಗೆ ಕಾಣುತ್ತಿದೆ, ಮೂಗಿಗೆ ಮುಗ್ಗಲು ವಾಸನೆ ಬರುತ್ತಿದೆ, ಅಷ್ಟೇ ಪುರಾವೆ ಸಾಕು.

ನೀರು ಎಲ್ಲಿಂದ ಬರುತ್ತಿದೆ ಎಂದು ಮಳೆ ಸುರಿಯುವಾಗಲೇ ಕೊಡೆ ಹಿಡಿದು ಒಂದು ಸುತ್ತು ಹಾಕಿ. ತಾರಸಿಯ ನೀರು ಹೋಗುವ ಪೈಪಿನ ಬಾಯಿಗೆ ಸಿಲ್ವರ್ ಓಕಿನ ಎಲೆ ಕಟ್ಟಿ ಮೇಲೆ ಕೆರೆ ನಿಂತಿರಬಹುದು. ಸಜ್ಜಾ ಗೋಡೆಗೆ ಸೇರುವಲ್ಲಿ ಬಿರುಕಿರಬಹುದು. ಗೋಡೆಯ ಬುಡದ ಮಣ್ಣು ಒಳಗಿನ ನೆಲಕ್ಕಿಂತ ಎತ್ತರ ಏರಿ ನೀರು ಗೋಡೆಗೇ ಇಂಗುತ್ತಿರಬಹುದು. ನಾನು ನೋಡಿದ ಮಟ್ಟಿಗೆ ಮೂರನೆಯದ್ದೇ ಹೆಚ್ಚು, ಮತ್ತೆ ಅದನ್ನು ಸರಿಮಾಡಲು ಬೇಕಾದ್ದು ಒಂದು ಗುದ್ದಲಿ, ಅರ್ಧ ದಿನ. ಮೂಲೆಯಲ್ಲಿ ಮೇಲಿಂದ ಕೆಳಗೆ ಕಪ್ಪು ಇಳಿದಿದ್ದರೆ ತಾರಸಿ, ಕೆಳಗಿಂದ ಎರಡು ಮೂರು ಅಡಿ ಏರಿದ್ದರೆ ನೆಲ ಎಂದು ಅಂದಾಜು ಮಾಡಬಹುದು.

ಗೋಡೆಗೆ ಬಣ್ಣದ ವಿಷಯದಲ್ಲಿ ನನಗೆ ಸ್ವಲ್ಪ ಹಟ ಇದೆ. ಹಿಂದೆ ಬೇಸಿಗೆಯಲ್ಲಿ ಶಾಲೆಗೆ ಸುಣ್ಣ ಹೊಡೆಸುತ್ತಿದ್ದರು. ಸುಣ್ಣ ಕಟು ಕ್ಷಾರ, ಅದರ ಮೇಲೆ ಬೂಷ್ಟು ಸುಲಭಕ್ಕೆ ಬೇರುಬಿಡದು; ಗೋಡೆ ಉಸಿರಾಡಿ ಒಣಗುವುದಕ್ಕೂ ಅಡ್ಡಿಯಿಲ್ಲ. ಈಗ ದಾನಿಗಳು ಬಂದರೆ ಡಿಸ್ಟೆಂಪರ್, ಪ್ಲಾಸ್ಟಿಕ್ ಪೇಂಟು, ಅದರ ಮೇಲೆ ರೈಲು ಬೋಗಿಯ ಚಿತ್ರ. ಚಿತ್ರ ನನಗೂ ಇಷ್ಟ. ಆದರೆ ತೇವದ ಗೋಡೆಯ ಮೇಲೆ ಡಿಸ್ಟೆಂಪರಿನ ಅಂಟು ಬೂಷ್ಟಿಗೆ ಊಟ, ಪ್ಲಾಸ್ಟಿಕ್ ಪೇಂಟೋ ತೇವವನ್ನು ಒಳಗೇ ಹಿಡಿದು ಗುಳ್ಳೆ ಏಳಿಸುತ್ತದೆ. ಮುಂದಿನ ಮಾರ್ಚ್–ಏಪ್ರಿಲಿನಲ್ಲಿ, ಕಾಫಿಗೆ ಹೂಮಳೆ ಬಿದ್ದು ಬಿಸಿಲು ಮರಳಿದ ಮೇಲೆ, ಕೆರೆದು ಒಣಗಿಸಿ ಸುಣ್ಣ ಹೊಡೆಸಿ. ಚಿತ್ರ ಹೊರಗೋಡೆಗಿರಲಿ.

ಅಲ್ಲಿಯವರೆಗೆ ಈಗ ಇರುವ ಬೂಷ್ಟನ್ನು ಶನಿವಾರ ಮಕ್ಕಳು ಮನೆಗೆ ಹೋದ ಮೇಲೆ ದೊಡ್ಡವರು ಮಾಸ್ಕ್ ಹಾಕಿ, ಸಾಬೂನು ನೀರಿನ ಬಟ್ಟೆಯಲ್ಲಿ ಒರೆಸಿ ತೆಗೆಯಲಿ. ಒಣಗಿದ ಬೂಷ್ಟನ್ನು ಪೊರಕೆಯಲ್ಲಿ ಉಜ್ಜಬಾರದು, ಕೋಣೆ ತುಂಬ ಬೀಜಕಣ ಹಾರುತ್ತದೆ. ಬ್ಲೀಚಿಂಗ್ ಪೌಡರಿಗೆ ಕಕ್ಕಸು ತೊಳೆಯುವ ಆಸಿಡ್ ಬೆರೆಸಿ ‘ಸ್ಟ್ರಾಂಗ್’ ಮಾಡುವವರಿದ್ದಾರೆ. ಅದರಿಂದ ಏಳುವುದು ಕ್ಲೋರಿನ್, ಮುಚ್ಚಿದ ಕೋಣೆಯಲ್ಲಿ ಪ್ರಾಣಕ್ಕೇ ಸಂಚಕಾರ.

ಸೀಮೆಸುಣ್ಣದ ಮೇಲೆ ಟೀಚರಿಗಿರುವ ಕೋಪ ನನಗೆ ಅರ್ಥವಾಗುತ್ತದೆ, ಬೋರ್ಡಿನ ಹತ್ತಿರ ಇಡೀ ದಿನ ನಿಲ್ಲುವವರು ಅವರೇ. ಅದು ಬಹುಪಾಲು ಜಿಪ್ಸಂ ಇಲ್ಲವೇ ಸುಣ್ಣಕಲ್ಲಿನ ಪುಡಿ. ಕಣ ದಪ್ಪ, ಮೂಗು ಗಂಟಲಲ್ಲೇ ನಿಲ್ಲುತ್ತದೆ, ಕೆಲವು ನಿಮಿಷದಲ್ಲಿ ನೆಲಕ್ಕೆ ಬೀಳುತ್ತದೆ. ಕೆರೆತ ಆಗುತ್ತದೆ. ಡಸ್ಟರ್ ಒದ್ದೆ ಮಾಡಿ ಒರೆಸಿದರೆ, ಹೊರಗೆ ಕೊಡವಿದರೆ ತೀರಿತು. ರಾತ್ರಿ ಎದೆ ಗುಯ್‌ಗುಡಲು ಅದೊಂದೇ ಕಾರಣವೆಂದು ನಾನು ನಂಬುವುದಿಲ್ಲ. ಶ್ವಾಸಕೋಶದ ಆಳಕ್ಕಿಳಿಯುವುದು 2.5 ಮೈಕ್ರಾನಿಗಿಂತ ಸಣ್ಣ ಕಣ, ಪಿಎಂ 2.5 ಅನ್ನುತ್ತಾರಲ್ಲ ಅದು. ಗಂಟೆಗಟ್ಟಲೆ ಗಾಳಿಯಲ್ಲೇ ತೇಲುತ್ತದೆ, ಬಹುಪಾಲು ಹುಟ್ಟುವುದು ಹೊಗೆಯಿಂದ.

ಧೂಳಿನ ಲೆಕ್ಕದಲ್ಲಿ ನನ್ನ ಅನುಮಾನ ಜಮಖಾನದ ಮೇಲೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿ-ಕಲಿ ನಮ್ಮ ರಾಜ್ಯದ ಒಳ್ಳೆಯ ಪ್ರಯೋಗಗಳಲ್ಲೊಂದು. ಒಂದರಿಂದ ಮೂರನೇ ಕ್ಲಾಸಿನ ಮಕ್ಕಳು ನೆಲದಲ್ಲಿ ಗುಂಪಾಗಿ ಕೂತು ಕಲಿಯುತ್ತಾರೆ. ಆದರೆ ಮಲೆನಾಡಿನಲ್ಲಿ ನೆಲ ಅಂದರೆ ನಾಲ್ಕು ತಿಂಗಳು ಬೆವರುವ ನೆಲ. ಅದರ ಮೇಲೆ ಹಾಸಿದ ಜಮಖಾನ ಒಣಗುವುದೇ ಇಲ್ಲ. ಧೂಳಿನ ನುಸಿಗೆ ಬೇಕಾದ್ದು ತೇವ, ಬೆಚ್ಚಗಿನ ಜಾಗ, ಮನುಷ್ಯರ ಚರ್ಮದ ಹೊಟ್ಟು, ಮೂರೂ ಅಲ್ಲಿವೆ. ಮಳೆಗಾಲಕ್ಕೆ ಜಮಖಾನ ಸುತ್ತಿಟ್ಟು, ಒರೆಸಬಹುದಾದ ಪ್ಲಾಸ್ಟಿಕ್ ಚಾಪೆ ಅಥವಾ ಗಿಡ್ಡ ಮಣೆ ತರಿಸಿ. ಬಿಸಿಲು ಕಂಡ ದಿನ ಜಮಖಾನ ಬೇಲಿಯ ಮೇಲಿರಲಿ. ಒದ್ದೆ ಜರ್ಕಿನ್ನು, ಕೊಡೆ ವರಾಂಡದಲ್ಲೇ ಉಳಿಯಲಿ; ಅಲ್ಲಿ ಹಗ್ಗ ಕಟ್ಟಿ, ಇರಚಲಿಗೆ ಸೋಗೆ ತಟ್ಟಿ ಮರೆ ಮಾಡಿದರಾಯಿತು. ಗುಡಿಸುವ ಕೆಲಸ ಬೆಳಗ್ಗೆ ಪ್ರಾರ್ಥನೆಗೆ ಮುಂಚೆ ಆಗುತ್ತದೆ, ಎಬ್ಬಿಸಿದ ಧೂಳು ಇಳಿಯುವ ಮೊದಲೇ ಮಕ್ಕಳು ಒಳಗೆ. ಅದನ್ನು ಸಂಜೆಗೆ ಬದಲಿಸಿ, ಬೆಳಗ್ಗೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಅಸ್ತಮಾ ಇರುವ ಮಗುವಿನ ಕೈಗೆ ಪೊರಕೆ ಕೊಡುವುದು ಮಾತ್ರ ಯಾವ ಹೊತ್ತಿಗೂ ಬೇಡ.

ಸಿಲಿಂಡರ್ ಬರುವುದು ತಡವಾದಾಗ ಬಿಸಿಯೂಟಕ್ಕೆ ಸೌದೆ ಹಚ್ಚುತ್ತಾರೆಯೇ ನೋಡಿ. ಮಳೆಗಾಲದ ಸೌದೆ ಹಸಿ. ಅಡುಗೆಕೋಣೆ ಪಶ್ಚಿಮಕ್ಕಿದ್ದರೆ ಹೊಗೆ ಸೀದಾ ತರಗತಿಗೇ. ಒಂದು ಸಿಲಿಂಡರ್ ಹೆಚ್ಚಿಗೆ ಇಟ್ಟುಕೊಳ್ಳುವ ವ್ಯವಸ್ಥೆಯಾದರೆ ಅಡುಗೆಯವರ ಕಣ್ಣೂ ಉಳಿಯುತ್ತದೆ.

ಇದೆಲ್ಲ ನಿಮ್ಮ ಕಡೆಯ ಮಾತು. ಅರಕಲಗೂಡು, ರಾಮನಾಥಪುರದ ಕಡೆ ಹೊಗೆಸೊಪ್ಪು ಒಣಗಿಸುವ ಬ್ಯಾರನ್ನುಗಳು ಸೌದೆ ಉರಿಸುವ ಕಾಲದಲ್ಲಿ, ಅಥವಾ ಹಾಸನದಲ್ಲಿ ವಾಹನ ಹೆಚ್ಚಿರುವ ಬಿ.ಎಂ. ರಸ್ತೆಗೆ ಮುಖ ಮಾಡಿದ ಶಾಲೆಯಲ್ಲಿ, ಕಿಟಕಿ ತೆಗೆಯಿರಿ ಎಂಬ ಮಾತನ್ನು ಹೊತ್ತು ನೋಡಿ, ದಿಕ್ಕು ನೋಡಿ ಹೇಳಬೇಕಾಗುತ್ತದೆ. ಬೆಂಗಳೂರಿನ ಮಕ್ಕಳ ಶ್ವಾಸಕೋಶ ತಜ್ಞ ಡಾ. ಎಚ್. ಪರಮೇಶ್ 12 ಶಾಲೆಗಳ 6,550 ಮಕ್ಕಳನ್ನು ಸಮೀಕ್ಷೆ ಮಾಡಿದಾಗ ವಾಹನ ದಟ್ಟಣೆ ಕಡಿಮೆಯಿರುವ ಕಡೆ ಶೇ. 11.15, ಹೆಚ್ಚಿರುವ ಕಡೆ ಶೇ. 19.34, ದಟ್ಟಣೆಯ ಜೊತೆ ಬಡತನವೂ ಸೇರಿದ ಕಡೆ ಶೇ. 31.14 ಮಕ್ಕಳಿಗೆ ಅಸ್ತಮಾ ಕಂಡಿತು. ಕಡೂರು, ಅರಸೀಕೆರೆಯ ಕಡೆ ಶಾಲೆಯ ಬೇಲಿಗುಂಟ ಅಲರ್ಜಿ ಕೆರಳಿಸುವ ಕಾಂಗ್ರೆಸ್ ಗಿಡ (ಪಾರ್ಥೇನಿಯಂ) ಹೂ ಬಿಡುವ ಮುಂಚೆ ಕೀಳಿಸಬೇಕು, ಕೈಗವಸು ಹಾಕಿದ ದೊಡ್ಡವರಿಂದ.

ಈಗ ಪ್ಯೂರಿಫೈಯರ್. ಅದು ಗಾಳಿಯಲ್ಲಿನ ಕಣ ಸೋಸುತ್ತದೆ, ನಿಜ. ಇಂಗಾಲದ ಡೈಆಕ್ಸೈಡ್ ತೆಗೆಯುವುದಿಲ್ಲ, ತೇವ ತೆಗೆಯುವುದಿಲ್ಲ, ಗೋಡೆಗೆ ನೀರಿಳಿಯುವುದನ್ನು ನಿಲ್ಲಿಸುವುದಿಲ್ಲ. ಮಾರುವವರು ‘ಕಿಟಕಿ ಮುಚ್ಚಿ ಬಳಸಿ’ ಅನ್ನುತ್ತಾರೆ, ನಿಮ್ಮ ತೊಂದರೆ ಶುರುವಾಗಿದ್ದೇ ಮುಚ್ಚಿದ ಕಿಟಕಿಯಿಂದ. ಮನೆಯ ಮಲಗುವ ಕೋಣೆಯ ಅಳತೆಗೆ ಮಾಡಿದ್ದು 30 ಮಕ್ಕಳ ತರಗತಿಗೆ ಸಾಲದು, ವರ್ಷಕ್ಕೊಮ್ಮೆ ಫಿಲ್ಟರ್ ಬದಲಿಸಲು ದುಡ್ಡು ಬೇಕು. ಇನ್ನು ಜುಲೈಯಲ್ಲಿ ನಿಮ್ಮೂರಿಗೆ ಕರೆಂಟ್ ಎಷ್ಟು ಹೊತ್ತು ಇರುತ್ತದೆ ಎಂದು ದಾನಿಗಳಿಗೆ ನೆನಪು ಮಾಡಿ; ಅವರೂ ಅದೇ ಊರಿನಲ್ಲಿ ಚಿಮಣಿ ಬೆಳಕಿಗೆ ಓದಿದವರು, ಅರ್ಥ ಮಾಡಿಕೊಂಡಾರು. ಹೊಗೆ, ವಾಹನ ಹೆಚ್ಚಿರುವ ಪೇಟೆಯ ಶಾಲೆಗಾಗಿದ್ದರೆ ನಾನು ಇಷ್ಟು ಖಡಾಖಂಡಿತ ಹೇಳುತ್ತಿರಲಿಲ್ಲ.

ಅವರು ಯಂತ್ರವನ್ನೇ ಕೊಡಬೇಕು ಅಂದರೆ ಒಂದು ಇಂಗಾಲದ ಡೈಆಕ್ಸೈಡ್ ಮೀಟರ್ ಕೊಡಿಸಲಿ, ಕೆಲವು ಸಾವಿರದಲ್ಲಿ ಬರುತ್ತದೆ. ಅಗ್ಗದವುಗಳಲ್ಲಿ ಮೋಸ ಇದೆ: ಬೇರೆ ಯಾವುದೋ ಆವಿ ಅಳೆದು ಅಂದಾಜು ಅಂಕಿ ತೋರಿಸುತ್ತವೆ. ಪರೀಕ್ಷೆ ಸುಲಭ. ಅಂಗಳಕ್ಕೆ ತಂದು ಇಟ್ಟರೆ 420ರ ಆಸುಪಾಸು ನಿಲ್ಲಬೇಕು. ಸ್ಯಾನಿಟೈಸರ್ ಹಚ್ಚಿದ ಕೈ ಹತ್ತಿರ ಹಿಡಿದಾಗ ಏಕಾಏಕಿ ಸಾವಿರಾರು ಏರಿದರೆ ವಾಪಸ್ ಕಳಿಸಿ. ಮಕ್ಕಳೇ ಗಂಟೆಗೊಮ್ಮೆ ಅಂಕಿ ಬೋರ್ಡಿನ ಮೂಲೆಯಲ್ಲಿ ಬರೆಯಲಿ. 1,000 ದಾಟಿದಾಗ ಕಿಟಕಿ ತೆಗೆಯಲು ಅವರೇ ಓಡುತ್ತಾರೆ, ಟೀಚರಿಗೆ ನೀವು ಹೇಳಬೇಕಾಗುವುದಿಲ್ಲ. ಉಳಿದ ದುಡ್ಡು ತಾರಸಿ ಪೈಪಿಗೆ, ಕಿಟಕಿಯ ಮೇಲೆ ಅಗಲದ ಸಜ್ಜಾಕ್ಕೆ. ಇರಚಲು ನಿಂತರೆ ಕಿಟಕಿ ತಾನೇ ತೆರೆದಿರುತ್ತದೆ. ಎಸ್‌ಡಿಎಂಸಿ ಸಭೆಯಲ್ಲಿ ಠರಾವು ಮಾಡಿಸಿ, ಶಾಲೆಗೆ ಬರುವ ವಾರ್ಷಿಕ ಅನುದಾನದಲ್ಲೂ ಪಂಚಾಯಿತಿಯಲ್ಲೂ ಕೇಳಿ.

ನಿಮ್ಮತ್ತೆಯವರ ಭಯಕ್ಕೆ ಬರುತ್ತೇನೆ. ಅವರಿಗೆ ಒಂದು ಲೆಕ್ಕ ಹೇಳಿ. ಹಿಂದೆ ಉಬ್ಬಸಕ್ಕೆ ಕೊಡುತ್ತಿದ್ದ ಸಾಲ್ಬುಟಮಾಲ್ ಮಾತ್ರೆಯಲ್ಲಿ 2 ಮಿಲಿಗ್ರಾಂ ಔಷಧ. ನೀಲಿ ಇನ್ಹೇಲರಿನ ಒಂದು ಒತ್ತಿನಲ್ಲಿ 100 ಮೈಕ್ರೋಗ್ರಾಂ, ಅಂದರೆ ಮಾತ್ರೆಯ ಇಪ್ಪತ್ತರಲ್ಲಿ ಒಂದು ಪಾಲು. ಮಾತ್ರೆ ಹೊಟ್ಟೆಗಿಳಿದು ರಕ್ತ ಸೇರಿ ಮೈಯೆಲ್ಲ ಸುತ್ತಿ ಶ್ವಾಸಕೋಶಕ್ಕೆ ಬರುತ್ತದೆ, ಇದು ನೇರ ಅಲ್ಲಿಗೇ. ಚಟ ಹಿಡಿಯುವ ವಸ್ತು ಅದರಲ್ಲಿಲ್ಲ. ಆದರೆ ನೀಲಿಯದ್ದು ಆ ಕ್ಷಣದ ಉಪಶಮನ. ಊತ ಇಳಿಸುವುದು ದಿನವೂ ಎಳೆಯುವ ಸ್ಟೀರಾಯ್ಡ್ ಇನ್ಹೇಲರ್. ಸ್ಟೀರಾಯ್ಡ್ ಎಂದರೆ ಎಲ್ಲರೂ ಬೆಚ್ಚುತ್ತಾರೆ. ವರ್ಷಗಟ್ಟಲೆ ಬಳಸಿದ ಮಕ್ಕಳ ಎತ್ತರದಲ್ಲಿ ಒಂದು ಸೆಂಟಿಮೀಟರಿನಷ್ಟು ವ್ಯತ್ಯಾಸ ಕಂಡದ್ದುಂಟು, ಮುಚ್ಚಿಡುವುದಿಲ್ಲ. ನಿಯಂತ್ರಣಕ್ಕೆ ಬಾರದ ಅಸ್ತಮಾದಿಂದ ಆಗುವ ನಷ್ಟ ಅದಕ್ಕಿಂತ ಬಹಳ ದೊಡ್ಡದು. ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ನೀಲಿಯದ್ದು ಬೇಕಾಗುತ್ತಿದ್ದರೆ ಡಾಕ್ಟರಿಗೆ ತೋರಿಸಿ, ನೀವೇ ಹೆಚ್ಚು ಕಡಿಮೆ ಮಾಡಬೇಡಿ. ಸ್ಪೇಸರ್ (ಇನ್ಹೇಲರಿನ ಬಾಯಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಕೊಳವೆ) ಹಾಕಿಯೇ ಎಳೆಸಿ, ಸ್ಟೀರಾಯ್ಡ್ ಎಳೆದ ಮೇಲೆ ಬಾಯಿ ಮುಕ್ಕಳಿಸಲಿ. ಸ್ಪೇಸರನ್ನು ಸಾಬೂನು ನೀರಿನಲ್ಲಿ ಅದ್ದಿ ಹಾಗೇ ಒಣಗಲು ಬಿಡಿ. ಬಟ್ಟೆಯಲ್ಲಿ ಉಜ್ಜಿದರೆ ಔಷಧ ಅದರ ಒಳಮೈಗೇ ಅಂಟಿಕೊಳ್ಳುತ್ತದೆ.

ಶಾಲೆಯಲ್ಲೂ ಒಂದು ನೀಲಿ ಇನ್ಹೇಲರ್, ಸ್ಪೇಸರ್ ಇರಬೇಕು, ಬೀಗ ಹಾಕಿದ ಬೀರುವಿನಲ್ಲಿ ಅಲ್ಲ. ಮಗು ಒಂದು ವಾಕ್ಯ ಪೂರ್ತಿ ಹೇಳಲಾರದೆ ಏದುಸಿರು ಬಿಟ್ಟರೆ, ಉಸಿರೆಳೆದಾಗ ಪಕ್ಕೆ ಒಳಕ್ಕೆ ಹೋದರೆ, ತುಟಿ ನೀಲಿಯಾದರೆ, ಕೂರಿಸಿ ಒಂದೊಂದಾಗಿ ನಾಲ್ಕು ಒತ್ತು ಕೊಟ್ಟು 108ಕ್ಕೆ ಫೋನ್ ಮಾಡಬೇಕು. ಗಾಡಿ ಬರುವುದು ತಡವಾದರೆ 20 ನಿಮಿಷಕ್ಕೆ ಮತ್ತೆ ಕೊಡಬಹುದು. ಇದನ್ನು ಟೀಚರಿಗೂ ಅಡುಗೆಯವರಿಗೂ ನೀವೇ ಒಂದು ಸಲ ತೋರಿಸಿಕೊಡಿ. ಇನ್ನೊಂದು ಮಾತು: ಎರಡು ವಾರ ಮೀರಿದ ಕೆಮ್ಮಿನ ಜೊತೆ ಜ್ವರ, ತೂಕ ಇಳಿಯುವುದು ಇದ್ದರೆ ಅಸ್ತಮಾ ಅಂದುಕೊಂಡು ಕೂರಬೇಡಿ, ಕ್ಷಯದ ಪರೀಕ್ಷೆ ಮಾಡಿಸಿ. ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ.

ಶಾಲೆಯ ಗೋಡೆ ನೋಡುವ ಕಣ್ಣಿನಲ್ಲೇ ಮನೆಯನ್ನೂ ಒಮ್ಮೆ ನೋಡಿ. ಮಗ ಶಾಲೆಯಲ್ಲಿರುವುದು ದಿನಕ್ಕೆ ಆರೇಳು ಗಂಟೆ. ಬಚ್ಚಲ ಹಂಡೆಯ ಒಲೆ ಮಳೆಗಾಲದಲ್ಲಿ ಆರುವುದೇ ಇಲ್ಲ, ಹೊಗೆಗೂಡು ಮಸಿ ಕಟ್ಟಿದ್ದರೆ ಹೊಗೆಯೆಲ್ಲ ಒಳಗೇ. ಹೊಗೆಗೂಡು ಕೆರೆಸಿ, ಬಚ್ಚಲಿನಿಂದ ಒಳಮನೆಗೆ ಬರುವ ಬಾಗಿಲು ಮುಚ್ಚಿಡಿ. ಸೊಳ್ಳೆಬತ್ತಿ ಹಚ್ಚುತ್ತಿದ್ದರೆ ಇಂದೇ ನಿಲ್ಲಿಸಿ ಪರದೆ ಕಟ್ಟಿ. ಒಂದು ಸುರುಳಿ ಉರಿದು ಮುಗಿಯುವಷ್ಟರಲ್ಲಿ 75ರಿಂದ 137 ಸಿಗರೇಟಿನಷ್ಟು ಪಿಎಂ 2.5 ಬಿಡುತ್ತದೆಂದು 2003ರ ಒಂದು ಅಧ್ಯಯನ ಅಳೆದಿತ್ತು. ಛಳಿಗೆಂದು ಮುಚ್ಚಿದ ಕೋಣೆಯಲ್ಲಿ ಅಗ್ಗಿಷ್ಟಿಕೆ ಇಟ್ಟು ಮಲಗುವುದಂತೂ ಬೇಡವೇ ಬೇಡ. ಕೆಂಡದಿಂದ ಏಳುವ ಇಂಗಾಲದ ಮಾನಾಕ್ಸೈಡಿಗೆ ವಾಸನೆಯೂ ಇಲ್ಲ, ಎಚ್ಚರವೂ ಆಗುವುದಿಲ್ಲ.

ಇನ್ನು ಕಾನ್ವೆಂಟ್. ಅಲ್ಲಿನ ಕೋಣೆಯೂ ತಾರಸಿಯದ್ದೇ, ಮಕ್ಕಳು ಬಹುಶಃ 30ರ ಬದಲು 45, ಸ್ಮಾರ್ಟ್ ಕ್ಲಾಸಿಗೆಂದು ಪರದೆ ಎಳೆದಿರುತ್ತಾರೆ, ಮೇಲೆ ಕಿಟಕಿ ಏರಿಸಿದ ವ್ಯಾನಿನಲ್ಲಿ ದಿನಕ್ಕೆ ಒಂದೂವರೆ ಗಂಟೆ. ಹೋಗಿ ನೋಡುವುದಾದರೆ ಮಳೆ ಸುರಿಯುವ ದಿನ ಮಧ್ಯಾಹ್ನ ಎರಡು ಗಂಟೆಗೆ ಹೋಗಿ, ಹೊರಗಿನಿಂದ ಸೀದಾ ತರಗತಿಯೊಳಗೆ ಕಾಲಿಟ್ಟು ಮೊದಲ ಉಸಿರಿನಲ್ಲಿ ಮುಗ್ಗಲು ಬಡಿಯುತ್ತದೆಯೇ ನೋಡಿ. ಒಳಗೆ ಐದು ನಿಮಿಷ ಕೂತರೆ ಮೂಗು ಒಗ್ಗಿಹೋಗುತ್ತದೆ, ಆಮೇಲೆ ಗೊತ್ತಾಗುವುದಿಲ್ಲ. ಇದೇ ಪರೀಕ್ಷೆ ನಿಮ್ಮ ಶಾಲೆಗೂ ಮಾಡಿ. ಜಮಖಾನ, ಕಿಟಕಿ, ಗೋಡೆಬುಡದ ಮಣ್ಣು, ಈ ಮೂರು ಈ ತಿಂಗಳೇ ಆಗುವ ಕೆಲಸ. ಅದಾದ ಮೇಲೂ ನೋಟ್‌ಬುಕ್ಕಿನಲ್ಲಿ ಶಾಲೆಯಿದ್ದ ದಿನಕ್ಕೂ ಮಳೆ ರಜೆಗೂ ದೊಡ್ಡ ಅಂತರವೇ ಕಂಡರೆ ಕೋಣೆ ಬದಲಿಸಲು ಕೇಳಿ; ಹಳೇ ಹಂಚಿನ ಕೋಣೆ ಖಾಲಿ ಇದ್ದೀತು. ದಸರಾ ಮುಗಿದ ಮೇಲೆ ಆ ಹಾಳೆಗಳ ಫೋಟೊ ತೆಗೆದು ಕಳಿಸಿ, ಒಟ್ಟಿಗೆ ನೋಡೋಣ.